ದೂರದ ಗ್ಯಾಲಕ್ಸಿಗಳ ಬಣ್ಣದ ಫೋಟೋ ಸುಳ್ಳೇ? ಧೂಳಿನ ಹಿಂದೆ ನಕ್ಷತ್ರ ಹುಟ್ಟುವುದು ಗೊತ್ತಾಗುವುದು ಹೇಗೆ?

ಬಾಹ್ಯಾಕಾಶದ ಬಣ್ಣದ ಫೋಟೋಗಳೆಲ್ಲ ಕಂಪ್ಯೂಟರ್‌ನಲ್ಲಿ ಮಾಡಿದ್ದು, ಅಲ್ಲಿ ನಕ್ಷತ್ರ ಹುಟ್ಟುತ್ತಿದೆ ಅನ್ನುವುದು ಬರೀ ಕತೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ನಿಜ ಎಷ್ಟು? ನೋಡೋಣ.

ಬಣ್ಣದ ವಿಷಯ ನಿಜ

ಇನ್‌ಫ್ರಾರೆಡ್, ಅಂದರೆ ಅವಕೆಂಪು ಕಿರಣ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಅಂತಹ ಚಿತ್ರಗಳಿಗೆ ಬಣ್ಣ ಕೊಡುವುದು ಕಂಪ್ಯೂಟರ್‌ನಲ್ಲೇ. ಆದರೆ ಕಣ್ಣಿಗೆ ಕಾಣದ್ದೆಲ್ಲ ಸುಳ್ಳಲ್ಲ. ಕೊರೊನಾ ಸಮಯದಲ್ಲಿ ಹಣೆಯ ಮುಂದೆ ಹಿಡಿಯುತ್ತಿದ್ದ ಥರ್ಮಾಮೀಟರ್ ಅಳೆಯುತ್ತಿದ್ದುದು ನಮ್ಮ ಚರ್ಮದಿಂದ ಹೊರಡುವ ಇನ್‌ಫ್ರಾರೆಡ್ ಕಿರಣವನ್ನೇ.

ಧೂಳಿನ ಪರದೆ

ಆರ್ಪ್ 220 ಎಂಬ ಗ್ಯಾಲಕ್ಸಿ ನಮ್ಮಿಂದ ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಎರಡು ಗ್ಯಾಲಕ್ಸಿಗಳು ಡಿಕ್ಕಿಯಾಗಿ ಒಂದಾಗುತ್ತಿರುವ ಜಾಗವಿದು. ಮಾಮೂಲಿ ದೂರದರ್ಶಕದಲ್ಲಿ ಮಂಕಾಗಿ ಕಾಣುತ್ತದೆ. ಆದರೆ 1983ರಲ್ಲಿ ಐರಾಸ್ ಉಪಗ್ರಹ ಇನ್‌ಫ್ರಾರೆಡ್‌ನಲ್ಲಿ ಆಕಾಶವನ್ನು ಜಾಲಾಡಿದಾಗ, ಇದು ಲಕ್ಷ ಕೋಟಿ ಸೂರ್ಯರಿಗಿಂತ ಹೆಚ್ಚು ಶಕ್ತಿ ಹೊರಸೂಸುತ್ತಿದೆ ಎಂದು ತಿಳಿಯಿತು.

ಕಾರಣ ಧೂಳು. ಎಳೆಯ ನಕ್ಷತ್ರಗಳ ಬೆಳಕನ್ನು ಧೂಳು ನುಂಗಿಕೊಳ್ಳುತ್ತದೆ, ಸ್ವಲ್ಪ ಬಿಸಿಯಾಗುತ್ತದೆ, ಆ ಶಕ್ತಿಯನ್ನು ಇನ್‌ಫ್ರಾರೆಡ್ ಆಗಿ ಹೊರಗೆ ಬಿಡುತ್ತದೆ. ಬಿಸಿ ಎಂದರೂ ಅದು ಮೈನಸ್ 200 ಡಿಗ್ರಿಯ ಆಸುಪಾಸಿನದು!

ಸಾಕ್ಷಿ ಇರುವುದು ರೋಹಿತದಲ್ಲಿ

ವಿಜ್ಞಾನಿಗಳು ಬರೀ ಫೋಟೋ ನಂಬಿ ಕೂರುವುದಿಲ್ಲ. ಬಂದ ಕಿರಣವನ್ನು ಮಳೆಬಿಲ್ಲಿನಂತೆ ಬಿಡಿಸಿ, ಯಾವ ತರಂಗಾಂತರದಲ್ಲಿ ಎಷ್ಟಿದೆ ಎಂದು ಅಳೆಯುತ್ತಾರೆ. ಇದೇ ರೋಹಿತ. ಪ್ರತಿ ಧಾತುವಿಗೂ ಇದರಲ್ಲಿ ತನ್ನದೇ ಗೆರೆಗಳಿವೆ, ಬೆರಳಚ್ಚು ಇದ್ದಂತೆ.

ಎಳೆಯ ನಕ್ಷತ್ರಗಳ ನೇರಳಾತೀತ ಬೆಳಕು ಸುತ್ತಲಿನ ಇಂಗಾಲದ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತುಹಾಕುತ್ತದೆ. ಅಂತಹ ಇಂಗಾಲ 158 ಮೈಕ್ರಾನ್‌ನಲ್ಲಿ ಗೆರೆ ಮೂಡಿಸುತ್ತದೆ. ಇದು ಕೆಂಪು ಬೆಳಕಿಗಿಂತ ಇನ್ನೂರು ಪಟ್ಟಿಗೂ ಉದ್ದದ ತರಂಗ. ಆರ್ಪ್ 220 ನಮ್ಮಿಂದ ದೂರ ಸರಿಯುತ್ತಿರುವುದರಿಂದ ಅದು ನಮಗೆ ಸಿಗುವುದು ಸುಮಾರು 161 ಮೈಕ್ರಾನ್‌ನಲ್ಲಿ.

ನೆಲದಲ್ಲಿ ನಿಂತು ಇದನ್ನು ಹಿಡಿಯಲಾಗದು, ಗಾಳಿಯಲ್ಲಿರುವ ನೀರಾವಿ ತಡೆಯುತ್ತದೆ. ಅದಕ್ಕೇ 2009ರಲ್ಲಿ ಯುರೋಪ್ 3.5 ಮೀಟರ್ ಕನ್ನಡಿಯ ಹರ್ಷೆಲ್ ದೂರದರ್ಶಕವನ್ನು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರಕ್ಕೆ ಕಳಿಸಿತು. ತಂಪು ಕಾಯುವ ಹೀಲಿಯಂ ಮುಗಿಯುವವರೆಗೆ, ಅಂದರೆ 2013ರವರೆಗೆ, ಅದು ಕೆಲಸ ಮಾಡಿತು. ನಮ್ಮ ದೇಶದಲ್ಲೂ ಟಿಐಎಫ್ಆರ್ ವಿಜ್ಞಾನಿಗಳು ಹೈದರಾಬಾದಿನಿಂದ ಬಲೂನಿನಲ್ಲಿ ದೂರದರ್ಶಕ ಹಾರಿಸಿ, ನಮ್ಮದೇ ಕ್ಷೀರಪಥದಲ್ಲಿ ಈ ಗೆರೆಯನ್ನು ಅಳೆದಿದ್ದಾರೆ.

ಒಂದೇ ಗೆರೆ ಸಾಕೇ?

ಸಾಲದು. ಆರ್ಪ್ 220ರಂತಹ ಗ್ಯಾಲಕ್ಸಿಗಳಲ್ಲಿ ಒಟ್ಟು ಇನ್‌ಫ್ರಾರೆಡ್ ಬೆಳಕಿಗೆ ಹೋಲಿಸಿದರೆ ಇಂಗಾಲದ ಗೆರೆ ತೀರಾ ಕ್ಷೀಣ. ಅದನ್ನೊಂದನ್ನೇ ನಂಬಿದರೆ ಹುಟ್ಟುವ ನಕ್ಷತ್ರಗಳ ಲೆಕ್ಕ ಕಡಿಮೆ ಬರುತ್ತದೆ. ಹೀಗಾಗಿ ಆಮ್ಲಜನಕ, ಸಾರಜನಕದ ಗೆರೆಗಳನ್ನೂ ಒಟ್ಟು ಇನ್‌ಫ್ರಾರೆಡ್ ಬೆಳಕನ್ನೂ ತಾಳೆ ನೋಡುತ್ತಾರೆ. ರೇಡಿಯೋ ದೂರದರ್ಶಕಗಳು ಅಲ್ಲಿ ಸ್ಫೋಟಗೊಂಡ ನಕ್ಷತ್ರಗಳ ಕುರುಹುಗಳನ್ನು ಡಜನ್‌ಗಟ್ಟಲೆ ಕಂಡಿವೆ. ದೊಡ್ಡ ನಕ್ಷತ್ರಗಳು ಬೇಗ ಸಾಯುತ್ತವೆ. ಅಷ್ಟು ಸಾಯುತ್ತಿವೆ ಎಂದರೆ ಅಷ್ಟು ಹುಟ್ಟುತ್ತಲೂ ಇರಬೇಕು. ನಮ್ಮ ಕ್ಷೀರಪಥದಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ದ್ರವ್ಯ ನಕ್ಷತ್ರವಾದರೆ, ಅಲ್ಲಿ ನೂರಕ್ಕೂ ಹೆಚ್ಚು ಎಂಬುದು ಅಂದಾಜು.

ನಮ್ಮ ತೀರ್ಮಾನ: ಅರ್ಧಸತ್ಯ

ಬಣ್ಣ ಕೊಟ್ಟಿರುವುದು ನಿಜ, ಕತೆ ಕಟ್ಟಿದ್ದಾರೆ ಎನ್ನುವುದು ಸುಳ್ಳು. ಮುಂದಿನ ಸಲ ಇಂತಹ ಫೋಟೋ ಬಂದರೆ, ಯಾವ ದೂರದರ್ಶಕ, ಯಾವ ಕಿರಣ ಎಂದು ಬರೆದಿದೆಯೇ ನೋಡಿ. ಅದಿಲ್ಲದಿದ್ದರೆ ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಡೆಯಿರಿ.