ಸೈನಿಕರ ಬೇಸರ: ಒಂದು ನಾಟಕದ ಕಥೆ

ಯುದ್ಧವೆಂದೊಡನೆ ನಮ್ಮ ಮನಸ್ಸಿಗೆ ತೋರುವುವು ಶೌರ್ಯವೂ ಮರಣವೂ. ಆದರೆ ಸೈನಿಕನ ದಿನಗಳಲ್ಲಿ ಬಹುಭಾಗವು ಕಾಯುವುದರಲ್ಲಿಯೇ ಕಳೆಯುವುದು. 1896ರಲ್ಲಿ ನಮ್ಮ ಬೆಂಗಳೂರಿನ ದಂಡಿಗೆ ಬಂದ ತರುಣ ವಿನ್‌ಸ್ಟನ್ ಚರ್ಚಿಲ್ಲನು ಆ ದೀರ್ಘ ವಿರಾಮವನ್ನು ಪೋಲೋ ಆಟದಿಂದಲೂ ಗಿಬ್ಬನ್, ಮೆಕಾಲೆಯರ ಗ್ರಂಥಗಳಿಂದಲೂ ತುಂಬಿಕೊಂಡನು. ಅಂತಹ ಅನುಕೂಲವಿಲ್ಲದವರ ಪಾಡೇನು? ಅದನ್ನೇ ವಸ್ತುವಾಗಿಸಿಕೊಂಡ ಹಾಸ್ಯನಾಟಕವೊಂದು ಅಮೆರಿಕದಲ್ಲಿ ಹುಟ್ಟಿತು.

ಎರಡನೆಯ ಮಹಾಯುದ್ಧದಲ್ಲಿ ಸರಕುಹಡಗಿನ ಅಧಿಕಾರಿಯಾಗಿದ್ದ ಥಾಮಸ್ ಹೆಗ್ಗನನು 1946ರಲ್ಲಿ ‘ಮಿಸ್ಟರ್ ರಾಬರ್ಟ್ಸ್’ ಎಂಬ ಕಾದಂಬರಿಯನ್ನು ಬರೆದನು. ಜಾಷುವಾ ಲೋಗನನೊಡಗೂಡಿ ಅವನು ರಚಿಸಿದ ಅದರ ನಾಟಕರೂಪವು 1948ರ ಫೆಬ್ರುವರಿ 18ರಂದು ನ್ಯೂಯಾರ್ಕಿನಲ್ಲಿ ರಂಗವೇರಿ 1,157 ಪ್ರಯೋಗಗಳನ್ನು ಕಂಡಿತು. ಯುದ್ಧರಂಗದಿಂದ ದೂರವಿರುವ ಹಡಗು; ಬೇಸರದಿಂದ ಬೆಂದ ನಾವಿಕರು; ಕುಂಡದ ತಾಳೆಗಿಡವನ್ನು ಪ್ರಾಣದಂತೆ ಕಾಯುವ ಕಠಿನ ಕಪ್ತಾನ. ರಣಕ್ಕೆ ಹೋಗಲು ಹಂಬಲಿಸುವ ರಾಬರ್ಟ್ಸನು, ತನ್ನವರಿಗೆ ದಡಕ್ಕಿಳಿಯುವ ರಜೆಯನ್ನು ದೊರಕಿಸಲು ಆ ಹಂಬಲವನ್ನೇ ಒತ್ತೆಯಿಡುತ್ತಾನೆ. ನಾವಿಕರು ಕಪ್ತಾನನ ಖೊಟ್ಟಿ ರುಜು ಹಾಕಿ ಅವನಿಗೆ ವರ್ಗವನ್ನು ದೊರಕಿಸುತ್ತಾರೆ. ಕೆಲವು ಕಾಲದ ಮೇಲೆ ಬರುವುದು ಅವನ ಮರಣವಾರ್ತೆ. ಅದುವರೆಗಿನ ನಗೆಯೆಲ್ಲಕ್ಕೂ ಆಗ ತೂಕ ಬರುತ್ತದೆ.

1965ರಲ್ಲಿ ಇದು ಅಮೆರಿಕದ ದೂರದರ್ಶನದಲ್ಲಿ ಧಾರಾವಾಹಿಯಾಯಿತು. ವಾರವಾರವೂ ಬರಬೇಕಾದ ನಾಯಕನು ಸಾಯುವಂತಿಲ್ಲ, ಹಡಗನ್ನು ಬಿಡುವಂತೆಯೂ ಇಲ್ಲ. ನಗೆಯುಳಿಯಿತು, ಅದರ ತೂಕ ಉಳಿಯಲಿಲ್ಲ. ಒಂದೇ ವರ್ಷಕ್ಕೆ ಧಾರಾವಾಹಿಯೂ ನಿಂತಿತು. 1984ರಲ್ಲಿ ಅದೇ ಸಂಸ್ಥೆಯು ಮೂಲನಾಟಕವನ್ನು ಆಡಿಸಿ ನೇರವಾಗಿ ಬಿತ್ತರಿಸಿದಾಗ ಆ ಮರಣವಾರ್ತೆಯೂ ಮರಳಿ ಬಂದಿತು. ಆದುದರಿಂದ ದೋಷವು ಯಂತ್ರದ್ದಲ್ಲ. ಮುಗಿಯಲೇಬೇಕಾದ ಕಥೆಯನ್ನು ಮುಗಿಯಗೊಡದಿದ್ದರೆ ಹಾಸ್ಯವೂ ಬೇಸರವಾಗುವುದು.