ಕೆರೆ ಕಟ್ಟಿದವರು, ಕೆರೆ ಕಾಯ್ದವರು

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಯ ಸುತ್ತಿನವರಾದ ನೀವು ಎರಡು ಭಾಷೆ ಬಲ್ಲವರು. ತಮಿಳಿನಲ್ಲಿ ‘ಏರಿ’ ಎಂದರೆ ಇಡೀ ಕೆರೆ. ಕನ್ನಡದಲ್ಲಿ ಕೆರೆಯ ಕಟ್ಟೆ ಮಾತ್ರ. ಕಟ್ಟೆ ಒಡೆದರೆ ಕೆರೆಯೇ ಇಲ್ಲ. ಇದನ್ನರಿತ ನಮ್ಮ ಹಿರಿಯರು ಕೆರೆ ಕಟ್ಟಿಸಿ ಸುಮ್ಮನಾಗಲಿಲ್ಲ. ಅದರ ದುರಸ್ತಿಗೆಂದು ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಟ್ಟರು. ಕನ್ನಡ ಶಾಸನಗಳಲ್ಲಿ ಇಂಥ ದತ್ತಿಗೆ ‘ಬಿತ್ತುವಟ್ಟ’ ಎಂದೂ ತಮಿಳು ಶಾಸನಗಳಲ್ಲಿ ‘ಏರಿಪಟ್ಟಿ’ ಎಂದೂ ಹೆಸರು. ನೀರು ಹಂಚುವ ನೀರಗಂಟಿಗೆ ಸುಗ್ಗಿಯಲ್ಲಿ ಧಾನ್ಯ ಸಲ್ಲುತ್ತಿತ್ತು. ಕೆರೆ ಊರಿಗೆಲ್ಲ ಸೇರಿದ್ದು. ಹಾಗೆಂದು ಅದನ್ನು ಕಾಯುವವನು ಉಪವಾಸವಿರಲಾದೀತೇ?

ಇದೇ ಪ್ರಶ್ನೆ ಈಗ ಕಂಪ್ಯೂಟರ್ ಲೋಕದಲ್ಲಿ ಎದ್ದಿದೆ. ಯಾರು ಬೇಕಾದರೂ ಓದಿ, ಬಳಸಿ, ತಿದ್ದಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶ ಎನ್ನುತ್ತಾರೆ. ಅದೂ ಊರ ಕೆರೆಯಂತೆಯೇ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ‘ಗ್ನೂ’ ಯೋಜನೆಯನ್ನು ಸಾರಿದರು. ಮುಕ್ತ ಎಂದರೆ ಬಿಟ್ಟಿ ಎಂದಲ್ಲ. ‘ಈಮ್ಯಾಕ್ಸ್’ ಎಂಬ ತಮ್ಮ ತಂತ್ರಾಂಶದ ಟೇಪನ್ನು 1985ರಲ್ಲಿ ಅವರು 150 ಡಾಲರಿಗೆ ಮಾರಿ ಜೀವನ ಸಾಗಿಸಿದರು. ಮುಂದೆ ರೆಡ್ ಹ್ಯಾಟ್ ಕಂಪನಿ ಮುಕ್ತ ತಂತ್ರಾಂಶದ ದುರಸ್ತಿ, ಸಲಹೆಗಳಿಗೆ ಹಣ ಪಡೆದು ಬೆಳೆಯಿತು. 2019ರಲ್ಲಿ ಐಬಿಎಂ ಅದನ್ನು 3,400 ಕೋಟಿ ಡಾಲರಿಗೆ ಕೊಂಡಿತು.

ಆದರೆ ಈ ಭಾಗ್ಯ ಎಲ್ಲರದಲ್ಲ. ಅಂತರಜಾಲದಲ್ಲಿ ಗುಟ್ಟಿನ ಮಾಹಿತಿಯನ್ನು ಕಾಪಾಡುವ ‘ಓಪನ್ ಎಸ್‌ಎಸ್‌ಎಲ್’ ಎಂಬ ತಂತ್ರಾಂಶದಲ್ಲಿ 2014ರಲ್ಲಿ ದೊಡ್ಡ ದೋಷವೊಂದು ಬಯಲಾಯಿತು. ಜಗತ್ತೇ ನೆಚ್ಚಿದ್ದ ಆ ಕೆಲಸಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಮಾತ್ರ! ದೊಡ್ಡ ಕಂಪನಿಗಳು ಆಮೇಲೆ ಹಣ ಕೂಡಿಸಿದವು. ಏರಿ ಒಡೆದ ಮೇಲೆ ಮಣ್ಣು ಹೊತ್ತಂತಾಯಿತು.

ಇನ್ನು ಹೊಸೂರಿಗೆ ಕೂಗಳತೆಯ ಬೆಂಗಳೂರಿಗೆ ಬನ್ನಿ. ವಿ. ಕೃಷ್ಣ ಎಂಬುವರು ಸುಮಾರು ನಾಲ್ಕು ದಶಕ ಒಬ್ಬರೇ ದುಡಿದು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷ ಪದಗಳ ಆ ‘ಅಲರ್’ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ತಂತ್ರಾಂಶವಲ್ಲದಿದ್ದರೂ ಇದೂ ಅದೇ ಜಾತಿಯ ಸೊತ್ತು. ಹೊಸ ಪದ ಸೇರಿಸಲು, ತಪ್ಪು ತಿದ್ದಲು ಇದಕ್ಕೂ ಕೈಗಳು ಬೇಕು. ಅದೇ ನಗರದ ಜೆರೋಧಾ ಕಂಪನಿ 2024ರಲ್ಲಿ ‘ಫ್ಲಾಸ್ ಫಂಡ್’ ಆರಂಭಿಸಿ, ಮುಕ್ತ ತಂತ್ರಾಂಶಗಳನ್ನು ಕಾಯುವವರಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವುದಾಗಿ ಸಾರಿತು. ಬೇಕಾದ ಹಣವೆಷ್ಟು, ಯಾವ ಕೆಲಸಕ್ಕೆ ಎಂಬುದನ್ನು ಕೇಳುವವರು ಬಹಿರಂಗವಾಗಿಯೇ ಬರೆದಿಡಬೇಕು. ಸಂಕೋಚವಿಲ್ಲದೆ ಕೇಳುವುದೂ ಒಂದು ಕ್ರಮ ನೋಡಿ.

ಆದರೂ ಬಿತ್ತುವಟ್ಟಕ್ಕೂ ಇದಕ್ಕೂ ಅಂತರವಿದೆ. ಕಂಪನಿಯ ದೇಣಿಗೆ ಅದರ ಮನಸ್ಸಿರುವವರೆಗೆ. ಬಿತ್ತುವಟ್ಟವನ್ನು ಕಲ್ಲಿನಲ್ಲಿ ಕೊರೆಸಿದ್ದು ತಲೆಮಾರುಗಳಿಗೆಂದು. ನಿಮ್ಮೂರ ಹುಡುಗನೋ ಹುಡುಗಿಯೋ ಇಂಥ ಕೆಲಸ ಹಿಡಿದಾಗ ‘ಬಿಟ್ಟಿ ಚಾಕರಿ’ ಎಂದು ಮೂಗು ಮುರಿಯಬೇಡಿ. ಅದರಿಂದ ಲಾಭ ಪಡೆಯುವವರು ಅವರಿಗೆ ಏನು ಕೊಡುತ್ತಿದ್ದಾರೆ ಎಂದು ಕೇಳಿ. ಕೆರೆಯ ನೀರುಂಡವರು ಏರಿಯ ಋಣ ತೀರಿಸಬೇಕು.