ಯಂತ್ರನಕ್ಷೆಯಲ್ಲಿ ಆವರಣದೊಳಗಣ ಅಳತೆ

ಯಂತ್ರವೊಂದನ್ನು ನಿರ್ಮಿಸುವುದಕ್ಕೆ ಮೊದಲು ಅದರ ಅಂಗಾಂಗಗಳನ್ನು ಕಾಗದದ ಮೇಲೆ ರೇಖೆಗಳಿಂದ ನಿರೂಪಿಸಿ, ಆ ರೇಖೆಗಳಿಗೆ ಅಳತೆಗಳನ್ನು ಬರೆಯುವ ಪದ್ಧತಿಯು ಸರ್ವವಿದಿತವಾಗಿದೆ. ಆದರೆ ಈ ಅಳತೆಗಳೆಲ್ಲವೂ ಒಂದೇ ಜಾತಿಯವಲ್ಲ. ಕೆಲವು ಆಜ್ಞಾರೂಪವಾದುವು, ಮತ್ತೆ ಕೆಲವು ಕೇವಲ ತಿಳಿವಳಿಕೆಗಾಗಿ ಬರೆದುವು. ಎರಡನೆಯ ಜಾತಿಯದನ್ನು ಆವರಣಚಿಹ್ನೆಗಳ ನಡುವೆ, (೧೦೦) ಎಂಬಂತೆ, ಬರೆಯುವುದು ಇಂದಿನ ಸಂಪ್ರದಾಯ.

ಪೂರ್ವಮೀಮಾಂಸೆಯ ಪರಿಚಯವುಳ್ಳವರಿಗೆ ಈ ಭೇದವು ನೂತನವಾಗಿ ತೋರಲಾರದು. ಬೇರೆ ಯಾವ ಪ್ರಮಾಣದಿಂದಲೂ ತಿಳಿಯದುದನ್ನು ವಿಧಾಯಕವಾಗಿ ತಿಳಿಸುವ ವಾಕ್ಯವು ವಿಧಿ. ಅನ್ಯತ್ರ ತಿಳಿದುದನ್ನೇ ಪುನಃ ಹೇಳುವ ವಾಕ್ಯವು ಅನುವಾದ. ಅನುವಾದವನ್ನು ವಿಧಿಯೆಂದು ಭ್ರಮಿಸಿದರೆ ಕರ್ಮವೇ ಕೆಡುತ್ತದೆ. ನಕ್ಷೆಯ ವಿಷಯದಲ್ಲಿಯೂ ಹಾಗೆಯೇ.

ನಕ್ಷೆಯ ವಿದ್ಯೆಗೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿದವನು ಫ್ರಾನ್ಸ್ ದೇಶದ ಗಾಸ್ಪಾರ್ ಮೋಂಜ್ ಎಂಬ ಗಣಿತಜ್ಞನು. ಈತನು ಮೆಜಿಯೇರ್ ಎಂಬ ಊರಿನ ಸೈನಿಕ ಇಂಜಿನಿಯರಿಂಗ್ ಶಾಲೆಯಲ್ಲಿ ಕಂಡುಹಿಡಿದ ನಿರೂಪಕ ರೇಖಾಗಣಿತವನ್ನು ಸರ್ಕಾರದವರು ಬಹುಕಾಲ ಯುದ್ಧರಹಸ್ಯವಾಗಿ ಕಾಪಾಡಿದರು. ೧೭೯೫ರಲ್ಲಿ ಪ್ಯಾರಿಸಿನಲ್ಲಿ ಮೋಂಜನು ಅದನ್ನು ಬಹಿರಂಗವಾಗಿ ಬೋಧಿಸಿದನು. ೧೭೯೯ರಲ್ಲಿ ಅದು ಗ್ರಂಥರೂಪವನ್ನು ತಾಳಿತು. ಘನವಸ್ತುವಿನ ಆಕಾರವನ್ನು ಸಮತಲದ ಮೇಲೆ ಸಂದೇಹಕ್ಕೆಡೆಯಿಲ್ಲದಂತೆ ತೋರಿಸುವ ಉಪಾಯವು ಇದರಿಂದ ಲಭಿಸಿತು. ಆದರೆ ಅಳತೆಯಲ್ಲಿ ಎಷ್ಟು ವ್ಯತ್ಯಾಸವನ್ನು ಸಹಿಸಬಹುದೆಂಬ ಪ್ರಶ್ನೆಯು ಹಾಗೆಯೇ ಉಳಿಯಿತು.

ಆ ಕಾಲದಲ್ಲಿ ಅದು ದೊಡ್ಡ ತೊಡಕೂ ಆಗಿರಲಿಲ್ಲ. ಕುಶಲನಾದ ಕರ್ಮಿಯು ಒಂದು ಭಾಗವನ್ನು ಮತ್ತೊಂದಕ್ಕೆ ಹಿಡಿದುನೋಡಿ, ಅರದಿಂದ ಉಜ್ಜಿ ಕೂಡಿಸುತ್ತಿದ್ದನು. ನಕ್ಷೆಯು ಒಂದೇ ಉದ್ದವನ್ನು ಎರಡು ವಿಧವಾಗಿ ಹೇಳಿದರೂ ಅವನ ವಿವೇಕವು ಅದನ್ನು ಸರಿಪಡಿಸುತ್ತಿದ್ದಿತು. ೧೭೮೫ರಲ್ಲಿ ಪ್ಯಾರಿಸಿನಲ್ಲಿದ್ದ ಥಾಮಸ್ ಜೆಫರ್ಸನ್ನನು ಬೇರೊಂದು ಮಾರ್ಗವನ್ನು ಕಂಡನು. ಹೊನೊರೆ ಬ್ಲಾಂಕ್ ಎಂಬ ಶಿಲ್ಪಿಯು ಐವತ್ತು ಬಂದೂಕದ ಚಾಪುಗಳನ್ನು ಬಿಚ್ಚಿ ಅವುಗಳ ಭಾಗಗಳನ್ನು ಮುಂದಿರಿಸಿದಾಗ, ಜೆಫರ್ಸನ್ನನು ಕೈಗೆ ಸಿಕ್ಕಿದುದನ್ನು ತೆಗೆದು ಜೋಡಿಸಿದರೂ ಅವು ಸರಿಯಾಗಿ ಕೂಡಿದುವು. ೧೮೪೧ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತನು ತಿರುಪುಗಳ ಎಳೆಗಳಿಗೆ ಏಕರೂಪವನ್ನು ಸೂಚಿಸಿದನು. ೧೮೪೨ರಲ್ಲಿ ಜಾನ್ ಹರ್ಷೆಲನು ಕಂಡುಹಿಡಿದ ನೀಲಿಪ್ರತಿಯ ವಿಧಾನದಿಂದ, ಮುಂದೆ ಒಂದೇ ನಕ್ಷೆಯನ್ನು ಅನೇಕ ಕಾರ್ಖಾನೆಗಳಿಗೆ ಕಳುಹಿಸುವುದು ಸುಲಭವಾಯಿತು. ಹೀಗೆ ಬರೆದವನೊಂದೆಡೆ, ಮಾಡುವವನೊಂದೆಡೆ, ಪರೀಕ್ಷಿಸುವವನು ಮತ್ತೊಂದೆಡೆ ಆದರು. ಸಂದೇಹ ಬಂದರೆ ಕೇಳುವುದಕ್ಕೆ ನಕ್ಷೆಗಾರನು ಸಮೀಪದಲ್ಲಿಲ್ಲ, ನಕ್ಷೆಯೇ ಮಾತನಾಡಬೇಕು.

ಇಂತಹ ನಕ್ಷೆಯಲ್ಲಿ ಪುನರುಕ್ತಿಯು ಎಷ್ಟು ಅನರ್ಥಕರವೆಂಬುದಕ್ಕೆ ಒಂದು ನಿದರ್ಶನವು ಸಾಕು. ಮೂರು ಮೆಟ್ಟಲುಗಳುಳ್ಳ ಒಂದು ಕಂಬಿಯಿದೆಯೆನ್ನೋಣ. ಅವುಗಳ ಉದ್ದಗಳು ೨೦, ೩೦ ಮತ್ತು ೫೦ ಮಿಲಿಮೀಟರುಗಳು. ಪ್ರತಿಯೊಂದೂ ೦.೧ ಮಿಲಿಮೀಟರಿನಷ್ಟು ಹೆಚ್ಚಾಗಲಿ ಕಡಮೆಯಾಗಲಿ ಇರಬಹುದು. ಆಗ ಒಟ್ಟು ಉದ್ದವು ೯೯.೭ರಿಂದ ೧೦೦.೩ರವರೆಗೆ ಇರಲು ಅವಕಾಶವುಂಟು. ನಕ್ಷೆಗಾರನು ಒಟ್ಟು ಉದ್ದವನ್ನೂ ೧೦೦ ಎಂದು ಬರೆದು, ಅದಕ್ಕೂ ೦.೧ರ ಮಿತಿಯನ್ನೇ ವಿಧಿಸಿದನಾದರೆ, ೨೦.೧, ೩೦.೧, ೫೦.೧ ಆಗಿ ಮಾಡಿದ ಕಂಬಿಯು ಮೂರು ವಿಧಿಗಳನ್ನು ಪಾಲಿಸಿಯೂ ನಾಲ್ಕನೆಯದನ್ನು ಮೀರುತ್ತದೆ. ಕರ್ಮಿಯು ನಿರ್ದೋಷಿ, ಆದರೂ ವಸ್ತುವು ತಿರಸ್ಕೃತ. ಒಟ್ಟು ಉದ್ದವನ್ನು (೧೦೦) ಎಂದು ಆವರಣದೊಳಗೆ ಬರೆದರೆ ಈ ವಿರೋಧವು ಪರಿಹಾರವಾಗುತ್ತದೆ. ಕಚ್ಚಾ ಕಂಬಿಯನ್ನು ಅಂದಾಜುಮಾಡುವವನಿಗೆ ಅದು ಉಪಕಾರಿ. ಪರೀಕ್ಷಕನಿಗೆ ಅದು ಪ್ರಮಾಣವಲ್ಲ. ಒಟ್ಟು ಉದ್ದವೇ ಯಂತ್ರಕ್ಕೆ ಮುಖ್ಯವಾದಲ್ಲಿ ಅದನ್ನು ವಿಧಿಯಾಗಿರಿಸಿ, ಮೆಟ್ಟಲುಗಳಲ್ಲಿ ಅತ್ಯಂತ ಅಪ್ರಧಾನವಾದುದನ್ನು ಆವರಣಕ್ಕೆ ಸೇರಿಸತಕ್ಕದ್ದು.

ಇಂತಹ ವಿವೇಕವನ್ನು ವ್ಯಕ್ತಿಗಳ ಇಚ್ಛೆಗೆ ಬಿಡದೆ ನಿಯಮಬದ್ಧಗೊಳಿಸುವ ಪ್ರಯತ್ನವು ಇಪ್ಪತ್ತನೆಯ ಶತಮಾನದ್ದು. ಬ್ರಿಟನ್ನಿನವರು ೧೯೨೭ರಲ್ಲಿ ಬಿ. ಎಸ್. ೩೦೮ ಎಂಬ ನಕ್ಷಾಮಾನಕವನ್ನು ಪ್ರಕಟಿಸಿದರು. ಅಮೆರಿಕದವರು ೧೯೩೫ರಲ್ಲಿ ತಮ್ಮದನ್ನು ಹೊರಡಿಸಿದರು. ಭಾರತದಲ್ಲಿ ೧೯೪೭ರಲ್ಲಿ ಸ್ಥಾಪಿತವಾದ ಮಾನಕ ಸಂಸ್ಥೆಯು ೧೯೫೫ರಲ್ಲಿ ಐ. ಎಸ್. ೬೯೬ ಎಂಬ ಸಂಹಿತೆಯನ್ನು ಕೊಟ್ಟಿತು. ಅಮೆರಿಕದ ನಕ್ಷೆಗಳಲ್ಲಿ ಇಂತಹ ಅಳತೆಯ ಪಕ್ಕದಲ್ಲಿ ‘ರೆಫ್’ ಎಂಬ ಸಂಕ್ಷೇಪವನ್ನು ಬರೆಯುವ ರೂಢಿಯಿದ್ದಿತು. ೧೯೮೨ರ ಮಾನಕವು ಆವರಣಚಿಹ್ನೆಯನ್ನು ವಿಧಿಸಿತು. ಅಂತರರಾಷ್ಟ್ರೀಯ ಮಾನಕವು ಇದನ್ನೇ ಸಹಾಯಕ ಅಳತೆಯೆಂದು ಕರೆದು ಅದೇ ಚಿಹ್ನೆಯನ್ನು ಹೇಳುತ್ತದೆ. ಭಾಷೆ ಬೇರೆಯಾದರೂ ಚಿಹ್ನೆಯು ಎಲ್ಲರಿಗೂ ಅರ್ಥವಾಗುವುದೆಂಬುದೇ ಇದರ ವಿಶೇಷ.

ಆದರೂ ಚಿಹ್ನೆಯು ಎಚ್ಚರಿಕೆಗೆ ಪ್ರತಿನಿಧಿಯಾಗಲಾರದು. ಮೂಲದ ಅಳತೆಯನ್ನು ತಿದ್ದಿದ ನಕ್ಷೆಗಾರನು ಆವರಣದೊಳಗಣದನ್ನು ತಿದ್ದಲು ಮರೆತರೆ, ಅಧಿಕಾರವಿಲ್ಲದ ಆ ಸಂಖ್ಯೆಯೂ ಓದುವವನನ್ನು ದಾರಿತಪ್ಪಿಸೀತು. ಈಗ ಗಣಕಯಂತ್ರವು ಇಂತಹ ಮೊತ್ತಗಳನ್ನು ತಾನೇ ಕೂಡಿಸಿ ತಿದ್ದುತ್ತದೆ. ಆದರೆ ಯಾವ ಅಳತೆಯು ವಿಧಿ, ಯಾವುದು ಅನುವಾದ ಎಂಬುದನ್ನು ಯಂತ್ರದ ಪ್ರಯೋಜನವನ್ನರಿತು ನಿಶ್ಚಯಿಸುವ ಹೊಣೆಯು ಮನುಷ್ಯನದಾಗಿಯೇ ಉಳಿದಿದೆ. ತಾನು ಆಜ್ಞಾಪಿಸುವುದೆಷ್ಟು, ಕೇವಲ ತಿಳಿಸುವುದೆಷ್ಟು ಎಂಬುದನ್ನು ಸ್ಪಷ್ಟಪಡಿಸುವುದು ದೂರದಲ್ಲಿರುವ ಕರ್ಮಿಗೆ ನಕ್ಷೆಗಾರನು ಸಲ್ಲಿಸಬೇಕಾದ ನ್ಯಾಯವೇ ಸರಿ.